ಹಳೆಯ ಡಾಂಜಿ ದೋಣಿಗೆ ಯಾವ ಎಂಜಿನ್: 350 ಸಾಕೇ, 454 ಬೇಕೇ?

ಪ್ರಶ್ನೆ: ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ನಾರ್ಮನ್ ಸರೋವರದ ಹತ್ತಿರ ನನ್ನ ಮನೆ. 1980ರ ದಶಕದ 18 ಅಡಿಯ ಡಾಂಜಿ ವೇಗದ ದೋಣಿಯೊಂದನ್ನು ಕೊಳ್ಳಬೇಕೆಂಬುದು ಬಹಳ ದಿನದ ಆಸೆ. ಮೂರು ದೋಣಿಗಳನ್ನು ನೋಡಿಟ್ಟಿದ್ದೇನೆ. ಮೊದಲನೆಯದರಲ್ಲಿ ಕಾರ್ಖಾನೆಯಿಂದ ಬಂದ, 350 ಘನ ಇಂಚಿನ ಮರ್ಕ್ರೂಸರ್ 260 ಎಂಜಿನ್ ಇನ್ನೂ ಹಾಗೆಯೇ ಇದೆ. ಎರಡನೆಯದರಲ್ಲಿ ಹಿಂದಿನ ಮಾಲೀಕರು ಅದನ್ನು ತೆಗೆದು 454 ಘನ ಇಂಚಿನ ಶೆವರ್ಲೆ ಬಿಗ್ ಬ್ಲಾಕ್ ಎಂಬ ದೊಡ್ಡ ಎಂಜಿನ್ ಕೂರಿಸಿದ್ದಾರೆ, ಆದರೆ ಅದರ ಶಕ್ತಿಯನ್ನು ಪ್ರೊಪೆಲರಿಗೆ ಮುಟ್ಟಿಸುವ ಹಿಂಬದಿಯ ಆಲ್ಫಾ ಡ್ರೈವ್ ಬದಲಾಗಿಲ್ಲ. 21 ಇಂಚು ಪಿಚ್ಚಿನ ಪ್ರೊಪೆಲರ್‌ನಲ್ಲಿ ಗಂಟೆಗೆ 70 ಮೈಲಿ ಓಡುತ್ತದೆ ಎನ್ನುತ್ತಾರೆ. ಮೂರನೆಯದಕ್ಕೆ ಎಂಜಿನ್ನೂ ಇಲ್ಲ, ಡ್ರೈವೂ ಇಲ್ಲ, ಬೆಲೆ ಮಾತ್ರ ಬಹಳ ಕಡಿಮೆ. ಯಾವುದನ್ನು ಆರಿಸಲಿ?

ಉತ್ತರ: ಹಿಂಗೋಡೆ, ಅಂದರೆ ಟ್ರಾನ್ಸಮ್, ಗಟ್ಟಿಯಾಗಿದೆ ಎಂದು ಖಚಿತವಾದರೆ ಮೊದಲನೆಯದನ್ನು ಕೊಳ್ಳಿ. ಎರಡನೆಯದನ್ನು ಮಾರಾಟಗಾರರು ಕೇಳುವ ಬೆಲೆಗೆ ಯಾವ ಕಾರಣಕ್ಕೂ ಕೊಳ್ಳಬೇಡಿ. ಮೂರನೆಯದು ಒಂದೆರಡು ಬೇಸಿಗೆಗಳನ್ನು ನೀರಿಗಿಳಿಯದೆ ಕಳೆಯುವ ತಾಳ್ಮೆ ಇರುವವರಿಗೆ ಮಾತ್ರ. ಈ ತೀರ್ಮಾನಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಾಳೆ ನಾಲ್ಕನೆಯ ದೋಣಿಯೊಂದು ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ತೂಗಿ ನೋಡುವುದಕ್ಕೂ ಇವೇ ಕಾರಣಗಳು ಬೇಕಾಗುತ್ತವೆ.

ಹಳೆಯ ವೇಗದ ದೋಣಿ ಕೊಳ್ಳುವವರು ಸಾಮಾನ್ಯವಾಗಿ ಎಂಜಿನ್ನಿನ ಅಶ್ವಶಕ್ತಿಯಿಂದ ಲೆಕ್ಕ ಶುರುಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಲೆಕ್ಕ ಶುರುವಾಗಬೇಕಾದದ್ದು ಡ್ರೈವಿನಿಂದ. ಎಂಜಿನ್ ದೋಣಿಯೊಳಗೆ, ಡ್ರೈವ್ ಹಿಂಗೋಡೆಯ ಹೊರಗೆ ಇರುವ ಈ ಸ್ಟರ್ನ್ ಡ್ರೈವ್ ವ್ಯವಸ್ಥೆಯನ್ನು ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು; 1961ರಲ್ಲಿ ಮರ್ಕ್ರೂಸರ್ ಬಂದಿತು. ಡಾನ್ ಅರೋನೋ ಅವರು 1964ರಲ್ಲಿ ಡಾಂಜಿ ಕಂಪನಿಯನ್ನು ಕಟ್ಟಿದಾಗ ರೇ ಹಂಟ್ ರೂಪಿಸಿದ ಆಳವಾದ ವಿ ಆಕಾರದ ತಳಕ್ಕೆ ಈ ವ್ಯವಸ್ಥೆಯನ್ನು ಜೋಡಿಸಿದರು. ನೀವು ನೋಡುತ್ತಿರುವ ದೋಣಿಯ ತಳ ಹಿಂಗೋಡೆಯ ಬಳಿಯೂ ಸುಮಾರು 24 ಡಿಗ್ರಿ ಇಳಿಜಾರಾಗಿರುತ್ತದೆ. ಅಲೆಯನ್ನು ಸೀಳಿಕೊಂಡು ಹೋಗಲು ಇದಕ್ಕಿಂತ ಚೆನ್ನಾದ ಆಕಾರ ಸಿಗುವುದು ಕಷ್ಟ. ಆದರೆ ಇಂಥ ದೋಣಿ ಅಲೆಯ ಮೇಲಿಂದ ನೆಗೆದಾಗ ಪ್ರೊಪೆಲರ್ ಕ್ಷಣಕಾಲ ನೀರಿನಿಂದ ಹೊರಬಂದು, ವೇಗ ಏರಿಸಿಕೊಂಡು, ಮತ್ತೆ ನೀರನ್ನು ಕಚ್ಚುತ್ತದೆ. ಆ ಹೊಡೆತವನ್ನು ತಾಳಿಕೊಳ್ಳಬೇಕಾದದ್ದು ಡ್ರೈವಿನ ಗೇರುಗಳು. ಅವುಗಳ ತಾಳಿಕೆ ಎಷ್ಟೋ, ಆ ದೋಣಿಯಲ್ಲಿ ನೀವು ನೆಮ್ಮದಿಯಿಂದ ಬಳಸಬಹುದಾದ ಶಕ್ತಿಯೂ ಅಷ್ಟೇ.

ಆಲ್ಫಾ ಡ್ರೈವ್ ಒಳ್ಳೆಯ ಡ್ರೈವ್. ಬಿಡಿಭಾಗಗಳು ಅಮೆರಿಕದ ಯಾವ ಊರಿನಲ್ಲಾದರೂ ಸಿಗುತ್ತವೆ, ಕೆಲಸ ತಿಳಿದ ಮೆಕ್ಯಾನಿಕ್‌ಗಳೂ ಧಾರಾಳವಾಗಿ ಇದ್ದಾರೆ. ಆದರೆ ಬಳಕೆಯಲ್ಲಿ ಅದರ ಮಿತಿ ಸುಮಾರು 300 ಅಶ್ವಶಕ್ತಿಯ ಆಸುಪಾಸಿನಲ್ಲಿದೆ. 454ರ ತೊಂದರೆ ಕೇವಲ ಅಶ್ವಶಕ್ತಿಯದಲ್ಲ. ಕಡಿಮೆ ಸುತ್ತಿನಲ್ಲಿಯೇ ಅದು ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, 350ಕ್ಕಿಂತ ಬಹಳ ಹೆಚ್ಚು, ಗೇರಿನ ಹಲ್ಲನ್ನು ಮುರಿಯುವುದು ಆ ಟಾರ್ಕೇ. ಆ ಕಾಲದಲ್ಲಿ ಮರ್ಕ್ರೂಸರ್ ಕಂಪನಿಯೇ ತನ್ನ 330 ಅಶ್ವಶಕ್ತಿಯ 454 ಎಂಜಿನ್ನಿಗೆ ಟಿಆರ್‌ಎಸ್ ಎಂಬ ಬೇರೆಯೇ ಭಾರಿ ಡ್ರೈವನ್ನು ಕೊಡುತ್ತಿತ್ತು. ಅದರಲ್ಲಿ ಗೇರ್ ಬದಲಿಸುವ ಪೆಟ್ಟಿಗೆ ಡ್ರೈವಿನಲ್ಲಿರದೆ ಎಂಜಿನ್ನಿನ ಬೆನ್ನಿಗೇ ಇರುತ್ತದೆ. 1980ರ ದಶಕದ ಕೊನೆಯಲ್ಲಿ ಮರ್ಕ್ರೂಸರಿನದೇ ಬ್ರಾವೊ ಎಂಬ ಗಟ್ಟಿ ಡ್ರೈವ್ ಬಂದ ಮೇಲೆ ಹೆಚ್ಚು ಶಕ್ತಿಯ ಎಂಜಿನ್‌ಗಳು ಆ ಕಡೆ ಹೊರಳಿದವು. ತಯಾರಕರೇ ಇಷ್ಟು ಎಚ್ಚರ ವಹಿಸಿದ್ದ ಕಡೆ ಹಿಂದಿನ ಮಾಲೀಕರು ಎಂಜಿನ್ ಮಾತ್ರ ಬದಲಿಸಿ ಡ್ರೈವನ್ನು ಹಾಗೇ ಬಿಟ್ಟಿದ್ದಾರೆ. ಅವರು ಮೆಲ್ಲಗೆ ಓಡಿಸಿದ್ದರೆ ಅದು ಇನ್ನೂ ಉಳಿದಿರಬಹುದು. ನೀವು 454 ಇದೆಯೆಂದು ಅದನ್ನು ಕೊಂಡು, 454ನ್ನು ಬಳಸುವ ಹಾಗೆ ಬಳಸಿದರೆ ಅದು ಉಳಿಯುವುದಿಲ್ಲ. ಆಮೇಲೆ ಬ್ರಾವೊ ಹಾಕಿಸೋಣ ಎಂದರೆ ಡ್ರೈವಿನ ಜೊತೆಗೆ ಹಿಂಗೋಡೆಗೆ ಬಿಗಿದ ಇಡೀ ಜೋಡಣೆಯೂ ಬದಲಾಗಬೇಕು. ಆಲ್ಫಾ ಡ್ರೈವಿನಲ್ಲಿ ನೀರೆತ್ತುವ ಪಂಪ್ ಡ್ರೈವಿನ ಕೆಳಭಾಗದಲ್ಲಿದ್ದರೆ ಬ್ರಾವೊದಲ್ಲಿ ಅದು ಎಂಜಿನ್ನಿನ ಮೇಲಿರಬೇಕಾದ್ದರಿಂದ ಅದನ್ನೂ ಹೊಸದಾಗಿ ಕೂರಿಸಬೇಕು. ಈ ಖರ್ಚು ಸುಲಭವಾಗಿ ಸಾವಿರಾರು ಡಾಲರ್ ದಾಟುತ್ತದೆ.

ಇನ್ನು 70 ಮೈಲಿಯ ಮಾತು. ಇದನ್ನು ನಂಬುವುದಕ್ಕೂ ಬಿಡುವುದಕ್ಕೂ ಕಾಗದದ ಮೇಲೆ ಒಂದು ಲೆಕ್ಕ ಸಾಕು. ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳನ್ನು ಪ್ರೊಪೆಲರಿನ ಪಿಚ್ಚಿನಿಂದ, ಅಂದರೆ ಜಾರದಿದ್ದರೆ ಅದು ಒಂದು ಸುತ್ತಿಗೆ ಮುಂದೆ ಸಾಗುವ ಇಂಚುಗಳಿಂದ, ಗುಣಿಸಿ, ಡ್ರೈವಿನ ಗೇರ್ ಅನುಪಾತವನ್ನು 1,056ರಿಂದ ಗುಣಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. ವಿ-8 ಎಂಜಿನ್ನಿನ ಜೊತೆಗೆ ಬರುತ್ತಿದ್ದ ಆ ಕಾಲದ ಡ್ರೈವಿನಲ್ಲಿ ಅನುಪಾತ ಸಾಮಾನ್ಯವಾಗಿ 1.5. ಎಂಜಿನ್ 4,600 ಸುತ್ತು ತಿರುಗಿದರೆ 21 ಇಂಚಿನ ಪಿಚ್ಚಿಗೆ 61 ಮೈಲಿ ಬರುತ್ತದೆ. ಪ್ರೊಪೆಲರ್ ನೀರಿನಲ್ಲಿ ಸ್ವಲ್ಪ ಜಾರಿಯೇ ಜಾರುತ್ತದೆ. ಅದಕ್ಕೆ ನೂರಕ್ಕೆ ಹತ್ತನ್ನು ಕಳೆದರೆ ಉಳಿಯುವುದು 55. ಅದೇ ಪ್ರೊಪೆಲರ್‌ನಲ್ಲಿ 70 ಮೈಲಿ ಮುಟ್ಟಬೇಕಾದರೆ ಎಂಜಿನ್ 5,800 ಸುತ್ತನ್ನು ದಾಟಿ ತಿರುಗಬೇಕು. ಸಾಮಾನ್ಯ 454 ಅಷ್ಟು ವೇಗಕ್ಕೆ ಕಟ್ಟಿದ ಎಂಜಿನ್ ಅಲ್ಲ. ಹಾಗಾದರೆ ಒಂದೋ ವೇಗದ ಅಂಕಿ ತಪ್ಪು, ಇಲ್ಲವೇ ಎಂಜಿನ್ನನ್ನು ಅದರ ಮಿತಿ ಮೀರಿ ಓಡಿಸಲಾಗಿದೆ. ಹಳೆಯ ದೋಣಿಗಳ ವೇಗಮಾಪಕ ನೀರಿನ ಒತ್ತಡದಿಂದ ಕೆಲಸ ಮಾಡುತ್ತದೆ, ಅದು ಹೆಚ್ಚಾಗಿ ಇರುವುದಕ್ಕಿಂತ ಜಾಸ್ತಿಯನ್ನೇ ತೋರಿಸುತ್ತದೆ. ಜಿಪಿಎಸ್ ಅಂಕಿಯೊಂದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಶಕ್ತಿ ಹೆಚ್ಚಿದಂತೆ ವೇಗ ಎಷ್ಟು ಹೆಚ್ಚುತ್ತದೆ ಎಂಬುದಕ್ಕೂ ದೋಣಿ ಕಟ್ಟುವವರು ಬಳಸುವ ಕ್ರೌಚ್ ಸೂತ್ರವೊಂದಿದೆ. ನೀರಿನ ಮೇಲೆ ಎದ್ದು ಜಾರುವ ದೋಣಿಯ ವೇಗವು ಒಂದು ಅಶ್ವಶಕ್ತಿಯ ಪಾಲಿಗೆ ಬೀಳುವ ತೂಕದ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂಬುದು ಅದರ ತಿರುಳು. ಇಬ್ಬರು ಜನ ಮತ್ತು ಪೆಟ್ರೋಲ್ ಸೇರಿ ನಿಮ್ಮ ದೋಣಿಯ ಒಟ್ಟು ತೂಕ 3,200 ಪೌಂಡ್ ಎಂದು, ಸೂತ್ರದ ಸ್ಥಿರಾಂಕವನ್ನು ಇಂಥ ದೋಣಿಗೆ ಸಲ್ಲುವ 200 ಎಂದು ಇಟ್ಟುಕೊಂಡರೆ, 260 ಅಶ್ವಶಕ್ತಿಗೆ ಸುಮಾರು 57 ಮೈಲಿ ಬರುತ್ತದೆ. 454 ಹಾಕಿ ತೂಕವನ್ನು 3,350 ಪೌಂಡಿಗೆ, ಶಕ್ತಿಯನ್ನು 330ಕ್ಕೆ ಏರಿಸಿದರೆ ಸಿಗುವುದು 63. ಅಷ್ಟೆಲ್ಲ ಟಾರ್ಕ್, ಅಷ್ಟೆಲ್ಲ ಪೆಟ್ರೋಲ್, ಗೇರ್ ಮುರಿಯುವ ಭಯ ಎಲ್ಲವನ್ನೂ ಹೊತ್ತು ನೀವು ಪಡೆಯುವುದು ಆರು ಮೈಲಿ. ಪ್ರೊಪೆಲರನ್ನು 23 ಇಂಚಿಗೆ ಬದಲಿಸಿ ಮೊದಲಿನ ಲೆಕ್ಕವನ್ನು 4,800 ಸುತ್ತಿಗೆ ಹಾಕಿದರೂ ಉತ್ತರ 63ರ ಹತ್ತಿರವೇ ಬಂದು ನಿಲ್ಲುತ್ತದೆ. ಎರಡು ಬೇರೆ ದಾರಿಯ ಲೆಕ್ಕಗಳು ಒಂದೇ ಕಡೆ ಸೇರುವುದರಿಂದ ಆ ಅಂಕಿಯ ಮೇಲೆ ನನಗೆ ಭರವಸೆ ಇದೆ.

ಅಂಕಿಗಳಾಚೆಗೂ ಒಂದು ವಿಷಯವಿದೆ. 454ರಂಥ ಬಿಗ್ ಬ್ಲಾಕ್ ಎಂಜಿನ್ 350ರಂಥ ಸ್ಮಾಲ್ ಬ್ಲಾಕಿಗಿಂತ ಸುಮಾರು 50 ಕಿಲೋ ಭಾರ. ಹೊಗೆಯನ್ನು ಹೊರಗೆ ಸಾಗಿಸುವ, ನೀರು ಹರಿಯುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್‌ಗಳನ್ನು ಸೇರಿಸಿದರೆ ವ್ಯತ್ಯಾಸ ಇನ್ನೂ ಹೆಚ್ಚು, ಮತ್ತು ಅದೆಲ್ಲವೂ ಹಿಂಗೋಡೆಗೆ ಅಂಟಿಕೊಂಡೇ ಕೂರುತ್ತದೆ. ದೊಡ್ಡ ದೋಣಿಯಲ್ಲಿ ಇದು ಗೊತ್ತಾಗುವುದಿಲ್ಲ. 18 ಅಡಿಯ ದೋಣಿಯಲ್ಲಿ ಮೂಗು ಮೇಲೇಳುತ್ತದೆ, ಮಧ್ಯಮ ವೇಗದಲ್ಲಿ ಮುಂಭಾಗ ಎದ್ದು ಬಿದ್ದು ಕುಣಿಯಲು ತೊಡಗುತ್ತದೆ. 60 ಮೈಲಿ ದಾಟಿದ ಮೇಲೆ ಆಳವಾದ ವಿ ತಳ ಬಹುತೇಕ ನೀರಿನಿಂದ ಮೇಲೆ ಬಂದು ಕಿರಿದಾದ ಪಟ್ಟಿಯೊಂದರ ಮೇಲೆ ನಿಂತಿರುವುದರಿಂದ ಎಡಕ್ಕೂ ಬಲಕ್ಕೂ ತೊನೆಯಲು ಶುರುವಾಗುತ್ತದೆ. ಇದನ್ನು ಚೈನ್ ವಾಕ್ (chine walk) ಎನ್ನುತ್ತಾರೆ. ಅನುಭವಸ್ಥರು ಟ್ರಿಮ್ಮನ್ನೂ (ಡ್ರೈವಿನ ಓರೆಯನ್ನು ಮೇಲೆ ಕೆಳಗೆ ಹೊಂದಿಸುವುದು) ಚುಕ್ಕಾಣಿಯನ್ನೂ ಸಣ್ಣದಾಗಿ ತಿದ್ದುತ್ತ ಅದನ್ನು ಹಿಡಿತಕ್ಕೆ ತರುತ್ತಾರೆ. ಮೊದಲ ವೇಗದ ದೋಣಿ ಕೊಳ್ಳುತ್ತಿರುವವರು ಕಲಿಯಬೇಕಾದ ಜಾಗ ಅದಲ್ಲ, ಅದರಲ್ಲೂ ರಜಾದಿನಗಳಲ್ಲಿ ದೋಣಿಗಳಿಂದ ಕಿಕ್ಕಿರಿಯುವ ಸರೋವರದಲ್ಲಿ ಖಂಡಿತ ಅಲ್ಲ.

ಎರಡನೆಯ ದೋಣಿಯ ಬಗ್ಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡುವ ಪ್ರಶ್ನೆ ಬೇರೆ: ಆ 454 ಎಲ್ಲಿಂದ ಬಂತು? ಅದು ದೋಣಿಗೆಂದೇ ಸಜ್ಜುಗೊಳಿಸಿದ ಎಂಜಿನ್ನೇ, ಅಥವಾ ಹಳೆಯ ಪಿಕಪ್ ಟ್ರಕ್ಕಿನಿಂದ ಕಳಚಿ ತಂದದ್ದೇ? ಬ್ಲಾಕ್ ಎರಡರಲ್ಲೂ ಒಂದೇ ಆಗಿರಬಹುದು, ಆದರೆ ಅದರ ಸುತ್ತ ಇರುವುದು ಒಂದೇ ಅಲ್ಲ. ದೋಣಿಯ ಎಂಜಿನ್ ಲೋಡ್ ತುಂಬಿದ ಲಾರಿ ಸದಾ ಘಾಟಿ ಹತ್ತುತ್ತಿರುವಂತೆ ದುಡಿಯುತ್ತದೆ. ಅದಕ್ಕೆ ಇಳಿಜಾರು ಎಂಬುದೇ ಇಲ್ಲ. ಹೀಗಾಗಿ ಕವಾಟಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟಿನ ರಚನೆ ಬೇರೆ, ಗ್ಯಾಸ್ಕೆಟ್‌ಗಳು ತುಕ್ಕು ತಡೆಯುವಂಥವು, ಬ್ಲಾಕಿನ ಬದಿಯ ಬಿಲ್ಲೆಗಳು ಉಕ್ಕಿನ ಬದಲು ಹಿತ್ತಾಳೆಯವು. ಓಟದ ಕಾರಿಗೆ ಹಾಕುವ ಬಿರುಸಿನ ಕ್ಯಾಮನ್ನು ದೋಣಿಯ ಎಂಜಿನ್ನಿಗೆ ಹಾಕಿದರೆ ಕಡಿಮೆ ಸುತ್ತಿನಲ್ಲಿ ಹೊಗೆಕೊಳವೆಯ ನೀರು ಹಿಂದಕ್ಕೆ ಸೆಳೆದು ಸಿಲಿಂಡರಿಗೇ ಇಳಿಯಬಹುದು.

ಇವು ಬಾಳಿಕೆಯ ವಿಷಯ. ಜೀವದ ವಿಷಯ ಇನ್ನೊಂದಿದೆ. ಕಾರಿನ ಎಂಜಿನ್ನಿನಿಂದ ಸೋರಿದ ಪೆಟ್ರೋಲ್ ಆವಿ ನೆಲಕ್ಕಿಳಿದು ಗಾಳಿಯಲ್ಲಿ ಹೋಗುತ್ತದೆ. ದೋಣಿಯಲ್ಲಿ ಅದು ತಳದ ಗುಂಡಿಯಲ್ಲಿ, ಬಿಲ್ಜಿನಲ್ಲಿ, ಹೋಗಲು ದಾರಿಯಿಲ್ಲದೆ ಮಡುಗಟ್ಟುತ್ತದೆ. ಒಂದು ಕಿಡಿ ಸಾಕು. ಆದ್ದರಿಂದಲೇ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳು ಎಂಜಿನ್ ಕೋಣೆಯ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಎಲ್ಲವೂ ಹೊರಗಿನ ಆವಿಗೆ ಕಿಡಿ ತಗುಲಿಸದಂಥವಾಗಿರಬೇಕು ಎಂದು ಕಡ್ಡಾಯ ಮಾಡಿವೆ. ನೋಡಲು ಕಾರಿನ ಆಲ್ಟರ್ನೇಟರ್ ಮತ್ತು ದೋಣಿಯದು ಅವಳಿಗಳಂತಿರುತ್ತವೆ, ಬೋಲ್ಟಿನ ತೂತುಗಳೂ ಸರಿಯಾಗಿ ಕೂರುತ್ತವೆ, ಬೆಲೆಯೂ ಅರ್ಧವೇ; ಹಾಗಾಗಿ ಈ ತಪ್ಪನ್ನು ಜನ ಮತ್ತೆ ಮತ್ತೆ ಮಾಡುತ್ತಾರೆ. ಎಂಜಿನ್ನಿನ ಬಲಮುಂದಿನ ಮೂಲೆಯಲ್ಲಿರುವ ಪೆಟ್ರೋಲ್ ಪಂಪನ್ನು ಬಗ್ಗಿ ನೋಡಿ. ಮರ್ಕ್ರೂಸರಿನ ದೋಣಿ ಪಂಪಿಗೆ ಒಳಗೆ ಎರಡು ಪದರದ ಡಯಾಫ್ರಮ್ ಇರುತ್ತದೆ, ಅದರಿಂದ ಹೊರಟ ತೆಳುವಾದ ಪಾರದರ್ಶಕ ಹಳದಿ ನಳಿಕೆಯೊಂದು ಕಾರ್ಬುರೇಟರಿಗೆ ಹೋಗಿ ಸೇರುತ್ತದೆ. ಒಳಪದರ ಹರಿದರೆ ಪೆಟ್ರೋಲ್ ಬಿಲ್ಜಿಗೆ ಸುರಿಯದೆ ಈ ನಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಳಿಕೆ ಒಣಗಿದ್ದರೆ ಪಂಪ್ ಸರಿಯಾಗಿದೆ, ಒದ್ದೆಯಾಗಿದ್ದರೆ ಬದಲಿಸಬೇಕು. ಮೆಕ್ಯಾನಿಕಲ್ ಪಂಪ್ ಇದ್ದು ನಳಿಕೆಯೇ ಇಲ್ಲವೆಂದರೆ ಅಲ್ಲಿ ಕಾರಿನ ಪಂಪ್ ಕೂತಿರುವ ಸಾಧ್ಯತೆ ಹೆಚ್ಚು, ಮತ್ತು ಅಂಥ ಕೈ ಇನ್ನೆಲ್ಲೆಲ್ಲಿ ಉಳಿತಾಯ ಮಾಡಿದೆಯೋ ಹೇಳಲಾಗದು. ನಾನಾದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ.

ಈಗ ಮೊದಲನೆಯ ದೋಣಿ. ಮರ್ಕ್ರೂಸರ್ 260 ಎಂದರೆ 350 ಘನ ಇಂಚಿನ, ಅಂದರೆ 5.7 ಲೀಟರಿನ ಶೆವರ್ಲೆ ಸ್ಮಾಲ್ ಬ್ಲಾಕ್, ನಾಲ್ಕು ಬ್ಯಾರಲ್‌ನ ಕಾರ್ಬುರೇಟರ್. ಆ ಕಾಲದ ಅಶ್ವಶಕ್ತಿಯನ್ನು ಕ್ರ್ಯಾಂಕ್‌ಶಾಫ್ಟಿನಲ್ಲಿ ಅಳೆಯುತ್ತಿದ್ದರು, ಮುಂದೆ ಪ್ರೊಪೆಲರ್ ಶಾಫ್ಟಿನಲ್ಲಿ ಅಳೆಯುವ ಪದ್ಧತಿ ಬಂತು. ಹೊಸ ಎಂಜಿನ್ನಿನ 260ಕ್ಕೂ ಇದರ 260ಕ್ಕೂ ಹೋಲಿಕೆ ಮಾಡುವಾಗ ಇದು ನೆನಪಿರಲಿ. ಜಗತ್ತಿನಲ್ಲಿ ಇಷ್ಟು ಸುಲಭವಾಗಿ ಬಿಡಿಭಾಗ ಸಿಗುವ ವಿ-8 ಇನ್ನೊಂದಿಲ್ಲ ಎಂದೇ ಹೇಳಬೇಕು. ಈ ತಳಕ್ಕೆ ಅದರ ತೂಕವೂ ಶಕ್ತಿಯೂ ಹೊಂದುತ್ತವೆ, ಡ್ರೈವೂ ಅದರ ಟಾರ್ಕನ್ನು ಹೊರುತ್ತದೆ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳುವ ಹಾಗಿಲ್ಲ. ಈ ಎಂಜಿನ್‌ಗಳ ದೊಡ್ಡ ಶತ್ರು ಹಿಮ. ಸರೋವರದ ನೀರೇ ಬ್ಲಾಕಿನೊಳಗೆ ಹರಿದು ಅದನ್ನು ತಂಪು ಮಾಡುವುದರಿಂದ ಚಳಿಗಾಲಕ್ಕೆ ಮುಂಚೆ ಆ ನೀರನ್ನು ಪೂರ್ತಿ ಬಸಿಯದಿದ್ದರೆ ಅದು ಹೆಪ್ಪುಗಟ್ಟಿ ಉಬ್ಬಿ ಬ್ಲಾಕನ್ನೇ ಸೀಳುತ್ತದೆ. ಮಿಶಿಗನ್, ಮಿನ್ನೆಸೋಟದಂಥ ಉತ್ತರದ ರಾಜ್ಯಗಳ ಜನ ಇದನ್ನು ಮರೆಯುವುದಿಲ್ಲ. ಚಳಿ ಅಪರೂಪಕ್ಕೆ ಕಚ್ಚುವ ನಿಮ್ಮಂಥ ರಾಜ್ಯಗಳಲ್ಲಿಯೇ ಒಂದೆರಡು ರಾತ್ರಿಗಳಲ್ಲಿ ಎಂಜಿನ್‌ಗಳು ಹಾಳಾಗುತ್ತವೆ. ಟಾರ್ಚ್ ಹಿಡಿದು ಎರಡೂ ಬದಿಯ ಮ್ಯಾನಿಫೋಲ್ಡುಗಳ ಕೆಳಗೆ ಬ್ಲಾಕಿನ ಪಕ್ಕೆಯನ್ನು ನಿಧಾನವಾಗಿ ನೋಡಿ, ಕೈಬೆರಳಿನಿಂದ ತಡವಿಯೂ ನೋಡಿ. ಸಿಲಿಂಡರುಗಳ ಉದ್ದಕ್ಕೂ ಅಡ್ಡವಾಗಿ ಓಡುವ ಕೂದಲೆಳೆಯಂಥ ತುಕ್ಕಿನ ಗೆರೆ, ಒರಟಾದ ಎಪಾಕ್ಸಿಯ ಬರೆ, ಉಳಿದ ಎಂಜಿನ್ ಹಳೆಯದಾಗಿದ್ದು ಆ ಪಟ್ಟಿಯೊಂದಕ್ಕೆ ಮಾತ್ರ ಬಳಿದ ಹೊಸ ಕಪ್ಪು ಬಣ್ಣ, ಇವುಗಳಲ್ಲಿ ಯಾವುದೊಂದು ಕಂಡರೂ ಆ ಎಂಜಿನ್ನಿನ ಬೆಲೆ ಸೊನ್ನೆ ಎಂದೇ ಹಿಡಿಯಿರಿ. ಸೀಳು ಒಳಗಿದ್ದರೆ ಎಣ್ಣೆ ಅದನ್ನು ಹೇಳುತ್ತದೆ: ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿರುತ್ತದೆ. ಮಾರಾಟಗಾರರು ನೀವು ಬರುವ ಮುನ್ನ ಎಣ್ಣೆ ಬದಲಿಸಿರಬಹುದಾದ್ದರಿಂದ ನೀರಿನಲ್ಲಿ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಎಳೆದು ನೋಡಿ.

ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಎಂಟೂ ಸಿಲಿಂಡರುಗಳಿಗೆ ಮಾಡಿಸಿ. ಈ ಎಂಜಿನ್ನಿಗೆ 150 ಪಿಎಸ್‌ಐ ಆಸುಪಾಸು ಇದ್ದರೆ ಒಳ್ಳೆಯದು, ಆದರೆ ಅಂಕಿಗಿಂತ ಹೆಚ್ಚು ಮುಖ್ಯವಾದದ್ದು ಎಂಟೂ ಒಂದಕ್ಕೊಂದು ಹತ್ತಿರ ಇರುವುದು. ಯಾವುದಾದರೂ ಒಂದು ಉಳಿದವಕ್ಕಿಂತ ನೂರಕ್ಕೆ ಹದಿನೈದಕ್ಕೂ ಹೆಚ್ಚು ಕೆಳಗಿದ್ದರೆ ಅಲ್ಲಿಯೇ ತೊಂದರೆ ಇದೆ. ದೋಣಿ ಎಲ್ಲಿ ಬದುಕಿತ್ತು ಎಂದು ಕೇಳಿ. ಫ್ಲಾರಿಡಾದ ಉಪ್ಪುನೀರಿನಲ್ಲಿದ್ದ ದೋಣಿಯ ಹೊಗೆ ಮ್ಯಾನಿಫೋಲ್ಡ್ ಮತ್ತು ರೈಸರ್‌ಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿ, ಏಕೆಂದರೆ ಅವು ಒಳಗಿನಿಂದ ತುಕ್ಕುತಿಂದು ತೂತಾದರೆ ನೀರು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ಡ್ರೈವಿನ ಬಳಿ ನೀರು ಒಳಬರದಂತೆ ತಡೆಯುವ ಮಡಿಕೆ ಮಡಿಕೆಯ ರಬ್ಬರ್ ಬೆಲ್ಲೋಗಳನ್ನು ಹಿಗ್ಗಿಸಿ ಮಡಿಕೆಗಳ ಒಳಗೆ ಬಿರುಕು ಇದೆಯೇ ನೋಡಿ. ಡ್ರೈವಿನ ಕೆಳತುದಿಯ ರೆಕ್ಕೆಯನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಚುಕ್ಕಾಣಿ ಕದಲದೆ ಡ್ರೈವ್ ಮಾತ್ರ ಗಣನೀಯವಾಗಿ ಆಡಿದರೆ ಹಿಂಗೋಡೆಯ ಜೋಡಣೆಯ ಒಳಭಾಗ ಸವೆದಿದೆ; ಅದನ್ನು ಸರಿಪಡಿಸಲು ಎಂಜಿನ್ ಕೆಳಗಿಳಿಸಬೇಕಾಗಿ ಬರಬಹುದು.

ಇಷ್ಟೆಲ್ಲ ಎಂಜಿನ್ ಮಾತಾಡಿದರೂ, ಎಂಜಿನ್ ಬದಲಿಸಬಹುದಾದ ವಸ್ತು. ಹಿಂಗೋಡೆಯ ಫೈಬರ್‌ಗ್ಲಾಸ್ ಪದರಗಳ ನಡುವೆ ಇರುವುದು ಪ್ಲೈವುಡ್. ಎಂಜಿನ್ ಕೂರುವ ಉದ್ದಕಂಬಿಗಳಿಗೂ, ಅಂದರೆ ಸ್ಟ್ರಿಂಗರುಗಳಿಗೂ, ಮರದ ತಿರುಳು ಇರುತ್ತದೆ. ನಲವತ್ತು ವರ್ಷಗಳಲ್ಲಿ ಸ್ಕ್ರೂ ತೂತುಗಳಿಂದ ಇಳಿದ ನೀರು ಆ ಮರವನ್ನು ಕೊಳೆಸಿರಬಹುದು. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳ್ಳೆಯ ಹಿಂಗೋಡೆ ಖಣಿಲೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಖಚಿತ ಮಾತಿಗೆ ದೋಣಿ ಪರೀಕ್ಷಕರ ಸಂಘಗಳಾದ ಸ್ಯಾಮ್ಸ್ ಅಥವಾ ನ್ಯಾಮ್ಸ್‌ನ ಸದಸ್ಯರಾದ ಸರ್ವೇಯರ್ ಒಬ್ಬರನ್ನು ನೀವೇ ನೇಮಿಸಿಕೊಳ್ಳಿ, ಮಾರಾಟಗಾರರು ಸೂಚಿಸಿದವರನ್ನಲ್ಲ. ಹಿಂಗೋಡೆ ಕೊಳೆತಿದ್ದರೆ ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಎಂಜಿನ್ ಎಷ್ಟೇ ಸೊಗಸಾಗಿ ಹಾಡುತ್ತಿರಲಿ.

ಮೂರನೆಯ ದೋಣಿಯ ಕೆಲಸಕ್ಕೆ ಇಳಿಯುವುದಾದರೆ, 1996ರ ನಂತರದ ವೊರ್ಟೆಕ್ ಎಂಬ ಹೊಸ ಬಗೆಯ ಸಿಲಿಂಡರ್ ಹೆಡ್‌ಗಳಿರುವ, ದೋಣಿಗೆಂದೇ ಜೋಡಿಸಿದ 350 ಎಂಜಿನ್ನನ್ನೂ ಬ್ರಾವೊ ಒನ್ ಡ್ರೈವನ್ನೂ ಒಂದೇ ಕಡೆಯಿಂದ, ಸಾಧ್ಯವಾದರೆ ಓಡುವ ಸ್ಥಿತಿಯಲ್ಲಿರುವ ಬೇರೊಂದು ದೋಣಿಯಿಂದ, ಇಡಿಯಾಗಿ ಕೊಳ್ಳಿ. ಬಿಡಿಬಿಡಿಯಾಗಿ ಕೂಡಿಸಲು ಹೋದರೆ ಹೊಂದದ ಭಾಗಗಳು ಎದುರಾಗುತ್ತವೆ. ಉದಾಹರಣೆಗೆ, 1986ರಿಂದ ಈ ಸ್ಮಾಲ್ ಬ್ಲಾಕಿನ ಹಿಂಬದಿಯ ಎಣ್ಣೆ ಸೀಲ್ ಒಂದೇ ತುಂಡಿನದಾಯಿತು, ಅದರೊಂದಿಗೆ ಫ್ಲೈವೀಲಿನ ಸಮತೋಲನವೂ ಬದಲಾಯಿತು. ಹಳೆಯ ಫ್ಲೈವೀಲನ್ನು ಹೊಸ ಬ್ಲಾಕಿಗೆ ಬಿಗಿದರೆ ಎಂಜಿನ್ ನಡುಗುತ್ತಲೇ ಇರುತ್ತದೆ. ವೊರ್ಟೆಕ್ ಹೆಡ್‌ಗಳಿಗೆ ಹಳೆಯ ಇಂಟೇಕ್ ಮ್ಯಾನಿಫೋಲ್ಡ್ ಕೂರುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಓಎಂಸಿ ಎಂಬ ಕಂಪನಿಯ ಹಳೆಯ ಸ್ಟ್ರಿಂಗರ್ ಡ್ರೈವುಗಳ ಕಡೆಗೆ ಹೋಗಬೇಡಿ, ಆ ಕಂಪನಿ 2000ದ ಕೊನೆಯಲ್ಲಿ ದಿವಾಳಿಯಾಯಿತು, ಬಿಡಿಭಾಗಗಳಿಗೆ ಪರದಾಡಬೇಕಾಗುತ್ತದೆ. ಹಳೆಯ ವೋಲ್ವೋ ಡ್ರೈವುಗಳು ಬಹಳ ಗಟ್ಟಿ, ಆದರೆ ಅವುಗಳಲ್ಲಿ ಹಲವಕ್ಕೆ ಓಡುತ್ತಿರುವಾಗ ಟ್ರಿಮ್ ಬದಲಿಸುವ ಅನುಕೂಲವಿಲ್ಲ. ಈ ತಳಕ್ಕೆ ಟ್ರಿಮ್ ಇಲ್ಲದೆ ಅರ್ಧ ಸುಖ ಹೋಯಿತು.

1960ರ ದಶಕದ ಡಾಂಜಿಯಾಗಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ. ಆ ಕಾಲದ ಫೋರ್ಡ್ 289 ಅಥವಾ ವೋಲ್ವೋ ಎಂಜಿನ್ ಮೂಲರೂಪದಲ್ಲಿ ಉಳಿದಿದ್ದರೆ ಅದನ್ನು ಕದಲಿಸುವುದು ದೋಣಿಗೂ ಅದರ ಬೆಲೆಗೂ ಮಾಡುವ ಅನ್ಯಾಯ. ನೀವು ನೋಡುತ್ತಿರುವ ವರ್ಷಗಳ ದೋಣಿಗೆ ಆ ಮಟ್ಟದ ಸಂಗ್ರಹಮೌಲ್ಯ ಬಂದಿಲ್ಲವಾದ್ದರಿಂದ ಓಡಿಸುವ ಸುಖಕ್ಕೆ ತಕ್ಕಂತೆ ನಿರ್ಧರಿಸಬಹುದು.

ಮೊದಲನೆಯ ದೋಣಿಗೆ ಮುಂಗಡ ಕೊಡುವಾಗ, ಸರ್ವೇ ಮತ್ತು ನೀರಿನ ಮೇಲಿನ ಪರೀಕ್ಷೆ ತೃಪ್ತಿಕರವಾಗಿದ್ದರೆ ಮಾತ್ರ ವ್ಯವಹಾರ ಪೂರ್ಣ ಎಂದು ಬರವಣಿಗೆಯಲ್ಲಿ ಹಾಕಿಸಿ. ಪರೀಕ್ಷೆಯ ದಿನ ನೀವು ಬರುವವರೆಗೂ ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ತಿಳಿಸಿ. ಮುಚ್ಚಳ ತೆಗೆದು ಮ್ಯಾನಿಫೋಲ್ಡ್ ಮುಟ್ಟಿ ತಣ್ಣಗಿದೆಯೆಂದು ಖಚಿತಪಡಿಸಿಕೊಳ್ಳಿ, ಬಿಲ್ಜಿನಲ್ಲಿ ಪೆಟ್ರೋಲ್ ವಾಸನೆ ಇಲ್ಲವೆಂದು ನೋಡಿ, ಬಿಲ್ಜಿನ ಆವಿಯನ್ನು ಹೊರಹಾಕುವ ಬ್ಲೋವರ್ ಅನ್ನು ನಾಲ್ಕು ನಿಮಿಷ ಓಡಿಸಿದ ಮೇಲೆ ಚಾಲೂ ಮಾಡಿಸಿ. ಪೂರ್ತಿ ಬಿಸಿಯಾದ ಮೇಲೆ ನಿಮ್ಮ ಫೋನಿನ ಜಿಪಿಎಸ್ ಹಿಡಿದು ಪೂರ್ಣ ವೇಗದಲ್ಲಿ ಸುತ್ತುಗಳನ್ನು ಬರೆದುಕೊಳ್ಳಿ. 4,600ರ ಹತ್ತಿರ ಬಂದರೆ ಎಂಜಿನ್ನೂ ಪ್ರೊಪೆಲರೂ ಹೊಂದಿಕೊಂಡಿವೆ. 4,000ಕ್ಕೇ ನಿಂತರೆ ಎಂಜಿನ್ ದುರ್ಬಲವಾಗಿರಬಹುದು, ಅಥವಾ ಪಿಚ್ ಹೆಚ್ಚಾಗಿರಬಹುದು. ಯಾವುದೆಂಬುದನ್ನು ನೀವು ಮಾಡಿಸಿಟ್ಟುಕೊಂಡ ಕಂಪ್ರೆಷನ್ ಅಂಕಿಗಳು ಹೇಳುತ್ತವೆ.